ಭಾಷಣ ಸಾಕು, ಫೈಲು ಹಿಡಿಯುವ ಕೈ ಬೇಕು



ತೋಟದಲ್ಲಿ ದುಡಿಯುವವನೊಬ್ಬ ಸತ್ತರೆ ಮೂರು ದಿನ ಆ ಮನೆಯಲ್ಲಿ ಜನಕ್ಕೆ ಕೊರತೆಯಿಲ್ಲ. ಲೈನಿನವರೆಲ್ಲ ಬರುತ್ತಾರೆ. ಮೇಸ್ತ್ರಿ ಬರುತ್ತಾನೆ, ಆಫೀಸಿನ ರೈಟರ್ ಬರುತ್ತಾರೆ, ಯೂನಿಯನ್ನಿನವರು ಹಾರ ತರುತ್ತಾರೆ, ಸಭೆಯವರು ಪ್ರಾರ್ಥನೆ ಮಾಡಿ ಹೋಗುತ್ತಾರೆ. ಮೂರನೆಯ ತಿಂಗಳಿಗೆ ಆ ಬಾಗಿಲಿಗೆ ಬರುವವರು ಇಬ್ಬರೇ. ಒಬ್ಬ, ಸಾಲ ಕೊಟ್ಟವನು. ಇನ್ನೊಬ್ಬ, "ನಿಮ್ಮ ಹಣ ನಾನು ತೆಗೆಸಿಕೊಡುತ್ತೇನೆ, ನನಗಿಷ್ಟು ಪಾಲು ಕೊಡಿ" ಎನ್ನುವ ದಲ್ಲಾಳಿ.

ಆ ಮನೆಯ ವಿಧವೆಗೆ ಬರಬೇಕಾದ ಹಣ ಕಾಯಿದೆಯಲ್ಲಿ ಇಲ್ಲವೆಂದಲ್ಲ. ಧಾರಾಳವಾಗಿ ಇದೆ. ಇಲ್ಲದಿರುವುದು, ಕಾಗದ ಹಿಡಿದುಕೊಂಡು ಆಫೀಸಿನಿಂದ ಆಫೀಸಿಗೆ ಆಕೆಯ ಜೊತೆ ನಡೆಯುವ ಒಬ್ಬ ಓದಿದ ಮನುಷ್ಯ. ಅಂಥವರು ನಮ್ಮ ಬೆಟ್ಟದ ಕೆಳಗೆ ನೂರಾರು ಮಂದಿ ಇದ್ದಾರೆ. ಅವರೇ ಲಾ ಕಾಲೇಜಿನ ವಿದ್ಯಾರ್ಥಿಗಳು. ಕೊಯಮತ್ತೂರಿನಲ್ಲಿ ಸರ್ಕಾರಿ ಲಾ ಕಾಲೇಜೇ ಇದೆ. ಅದು ನಮ್ಮ ತೆರಿಗೆಯಿಂದಲೂ ನಡೆಯುವ ಕಾಲೇಜು. ನಾವು ಕೊಳ್ಳುವ ಸೋಪಿಗೂ ಬಿಸ್ಕತ್ತಿಗೂ ತೆರಿಗೆ ಇದೆ ಎಂಬುದನ್ನು ಮರೆಯಬಾರದು. ಆ ವಿದ್ಯಾರ್ಥಿಗಳು ತಮ್ಮ ಓದಿನ ಕಾಲದ ಇಂಟರ್ನ್‌ಷಿಪ್ಪಿನ ಒಂದು ಪಾಲನ್ನು ನಮ್ಮ ಸಾವಿನ ಪರಿಹಾರ, ಅಂಗವಿಕಲತೆಯ ಪರಿಹಾರ, ಪಿಂಚಣಿ, ಪಿ.ಎಫ್. ಅರ್ಜಿಗಳಿಗೆ ಕೊಡಬೇಕು. ನಾವು ಇದನ್ನು ಕೇಳುವುದು ಭಿಕ್ಷೆಯೆಂದಲ್ಲ, ಸಲ್ಲಬೇಕಾದ ಬಾಕಿ ಎಂದು.

ನಿಯಮ ಏನು ಹೇಳುತ್ತದೆ

ಭಾರತದ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾ, 2008ರಲ್ಲಿ ಕಾನೂನು ಶಿಕ್ಷಣದ ನಿಯಮಗಳನ್ನು ಮಾಡಿತು. ಅದರ ಪ್ರಕಾರ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದ ಕೋರ್ಸಿನವರು 20 ವಾರ ಇಂಟರ್ನ್‌ಷಿಪ್ ಮಾಡಲೇಬೇಕು. ಒಂದು ವರ್ಷದಲ್ಲಿ ಒಟ್ಟಿಗೆ 4 ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಎಲ್ಲಿ ಮಾಡಬಹುದು ಎಂಬ ಪಟ್ಟಿಯಲ್ಲಿ ವಕೀಲರು, ನ್ಯಾಯಾಲಯ, ಕಂಪೆನಿಗಳ ಜೊತೆಗೆ ಸ್ವಯಂಸೇವಾ ಸಂಸ್ಥೆಗಳೂ ಸ್ಥಳೀಯ ಸಂಸ್ಥೆಗಳೂ ಇವೆ. ಪ್ರತಿ ಲಾ ಕಾಲೇಜಿನಲ್ಲೂ ಕಾನೂನು ನೆರವಿನ ಕ್ಲಿನಿಕ್ ಇರಬೇಕೆಂದೂ ಅದೇ ನಿಯಮ ಹೇಳುತ್ತದೆ. ಆದ್ದರಿಂದ ವಿದ್ಯಾರ್ಥಿ ನಮ್ಮ ಕಡೆಗೆ ಬರುವುದಕ್ಕೆ ಅಡ್ಡಿ ಕಾಯಿದೆಯಲ್ಲಿಲ್ಲ, ಕಳಿಸುವವರ ಮನಸ್ಸಿನಲ್ಲಿದೆ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ತರಗತಿಯಲ್ಲಿ 60 ಮಂದಿ ಎಂದು ಇಟ್ಟುಕೊಳ್ಳಿ. ಒಬ್ಬೊಬ್ಬರೂ ತಮ್ಮ 20 ವಾರಗಳಲ್ಲಿ ನಾಲ್ಕೇ ವಾರವನ್ನು ಈ ಕೆಲಸಕ್ಕೆ ಕೊಟ್ಟರೆ 240 ವಾರ ಆಯಿತು. ಒಬ್ಬ ಗುಮಾಸ್ತ ರಜೆಯಿಲ್ಲದೆ ನಾಲ್ಕೂವರೆ ವರ್ಷ ದುಡಿದಷ್ಟು ಕೆಲಸ ಅದು. ಒಂದು ಕಾಲೇಜಿನ ಒಂದೇ ತರಗತಿಯಿಂದ ಇಷ್ಟು ಸಿಗುತ್ತದೆ.

ಈ ವಾರಗಳು ಈಗ ಎಲ್ಲಿ ಹೋಗುತ್ತಿವೆ? ಎಷ್ಟೋ ವಿದ್ಯಾರ್ಥಿಗಳು ದೊಡ್ಡ ವಕೀಲರ ಕೋಣೆಯ ಮೂಲೆಯಲ್ಲಿ ಕುಳಿತು ಹಳೆ ಕಾಗದ ಜೋಡಿಸಿ, ಕೋರ್ಟಿನ ಹಿಂದಿನ ಬೆಂಚಿನಲ್ಲಿ ಆಕಳಿಸಿ, ಕೊನೆಯ ದಿನ ಸರ್ಟಿಫಿಕೇಟು ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಅದರಿಂದ ಅವರಿಗೂ ವಿದ್ಯೆ ಬರಲಿಲ್ಲ, ನಮಗೂ ಪ್ರಯೋಜನವಾಗಲಿಲ್ಲ. ಬಡವರ ಕಡೆಗೆ ಬರುವುದಾದರೆ ಬರುವುದು "ಕಾನೂನು ಅರಿವು ಶಿಬಿರ"ಕ್ಕೆ. ಬ್ಯಾನರ್ ಕಟ್ಟುತ್ತಾರೆ, ಅತಿಥಿಗಳಿಗೆ ಶಾಲು ಹೊದಿಸುತ್ತಾರೆ, ಫೋಟೋ ತೆಗೆಯುತ್ತಾರೆ. "ನಿಮಗೆ ಹಕ್ಕುಗಳಿವೆ" ಎಂದು ಒಂದು ಗಂಟೆ ಹೇಳಿ ಸಂಜೆಯ ಬಸ್ಸಿಗೆ ಇಳಿದು ಹೋಗುತ್ತಾರೆ. ಹಕ್ಕು ಇದೆಯೆಂದು ನಮಗೂ ಗೊತ್ತು ಸ್ವಾಮಿ. ಅದನ್ನು ಯಾವ ಫಾರಂನಲ್ಲಿ, ಯಾವ ಕಿಟಕಿಯಲ್ಲಿ, ಯಾವ ದಿನದೊಳಗೆ ಕೇಳಬೇಕು ಎಂಬುದಷ್ಟೇ ಗೊತ್ತಿಲ್ಲ.

ಎಷ್ಟು ಹಣದ ಮಾತು ಇದು

ಹಲವರು ಇದನ್ನು ಸಾವಿರ ಎರಡು ಸಾವಿರದ ಮಾತೆಂದು ತಿಳಿದಿದ್ದಾರೆ. ಲೆಕ್ಕ ನೋಡಿ. ಕೆಲಸದ ಅಪಘಾತದ ಪರಿಹಾರಕ್ಕೆ 1923ರ ಕಾಯಿದೆ ಇತ್ತು. ಕೆಲಸಗಾರ ಸತ್ತರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 40 ವರ್ಷಕ್ಕೆ ಆ ಗುಣಕ 184.17. ತಿಂಗಳಿಗೆ 12,000 ರೂಪಾಯಿ ಕೂಲಿಯಿದ್ದ 40 ವರ್ಷದವನು ಕೆಲಸದಲ್ಲಿ ಸತ್ತರೆ, 6,000 ಗುಣಿಸು 184.17, ಅಂದರೆ 11,05,020 ರೂಪಾಯಿ. ಸಾಯದೆ ಪೂರ್ತಿಯಾಗಿ ಕೆಲಸಕ್ಕೆ ಬಾರದವನಾದರೆ ಕೂಲಿಯ 60 ಶೇಕಡಾ ಹಿಡಿಯಬೇಕು; ಅದು 13,26,024 ರೂಪಾಯಿ. ನಾವು ಹೇಳುತ್ತಿರುವುದು ಇಂಥ ಮೊತ್ತಗಳ ಮಾತು. ಇದರಲ್ಲಿ ದಲ್ಲಾಳಿ ಮೂರನೆಯ ಒಂದು ಪಾಲು ಕೇಳಿದರೆ ಆ ಮನೆಯ ಮಕ್ಕಳ ಓದೇ ಹೋಯಿತು.

ಅದೊಂದೇ ಅಲ್ಲ. ಪಿ.ಎಫ್. ಇದ್ದವನು ಕೆಲಸದಲ್ಲಿರುವಾಗ ಯಾವ ಕಾರಣದಿಂದ ಸತ್ತರೂ ಮನೆಯವರಿಗೆ ಖಾತೆಯ ಹಣ ಬರಬೇಕು. ಅದರ ಜೊತೆಗೆ 1976ರ ವಿಮಾ ಯೋಜನೆಯಲ್ಲಿ 7 ಲಕ್ಷದ ತನಕ ಹಣ ಉಂಟು. ಅದಕ್ಕೆ ಕೂಲಿಯಿಂದ ಒಂದು ಪೈಸೆಯೂ ಹಿಡಿಯುವುದಿಲ್ಲ, ಮಾಲೀಕರೇ ಕಟ್ಟುತ್ತಾರೆ. 1995ರ ಪಿಂಚಣಿ ಯೋಜನೆಯಲ್ಲಿ ಒಂದು ತಿಂಗಳ ವಂತಿಗೆ ಕಟ್ಟಿದ್ದರೂ ಸಾಕು, ವಿಧವೆಗೆ ಪಿಂಚಣಿ. ಒಂದೇ ಸಲಕ್ಕೆ ಇಬ್ಬರು ಮಕ್ಕಳಿಗೆ 25 ವರ್ಷದ ತನಕ, ಒಬ್ಬೊಬ್ಬರಿಗೂ ವಿಧವೆಯ ಪಿಂಚಣಿಯ ಕಾಲು ಭಾಗ ಬೇರೆ. ಗ್ರಾಚ್ಯುಟಿಗೆ ಐದು ವರ್ಷ ಸರ್ವಿಸ್ ಬೇಕೆಂಬ ಮಾತು ಸಾವಿಗೂ ಅಂಗವಿಕಲತೆಗೂ ಅನ್ವಯಿಸುವುದಿಲ್ಲ. ಇವೆಲ್ಲ ಬೇರೆ ಬೇರೆ ಬಾಗಿಲು. ಒಂದು ಬಾಗಿಲಲ್ಲಿ ಹಣ ಸಿಕ್ಕಿತೆಂದು ಇನ್ನೊಂದು ಮುಚ್ಚುವುದಿಲ್ಲ. ಆದರೆ ಯಾವ ಬಾಗಿಲೂ ತಾನಾಗಿ ತೆರೆಯುವುದಿಲ್ಲ, ತಟ್ಟಬೇಕು.

ಈಗ ಇನ್ನೊಂದು ತೊಡಕು ಬಂದಿದೆ. 2020ರಲ್ಲಿ ಪಾರ್ಲಿಮೆಂಟು ಮಾಡಿದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. 1923ರ ಪರಿಹಾರ ಕಾಯಿದೆ, 1948ರ ಇ.ಎಸ್.ಐ. ಕಾಯಿದೆ, 1972ರ ಗ್ರಾಚ್ಯುಟಿ ಕಾಯಿದೆ ಇವೆಲ್ಲ ಅದರೊಳಗೆ ಸೇರಿಹೋದವು. ಪರಿಹಾರದ ಲೆಕ್ಕದ ಕ್ರಮ ಅದೇ ಉಳಿದಿದೆ. ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ ಆದ ಅಪಘಾತವೂ, ಕೆಲಸಕ್ಕೂ ಅದಕ್ಕೂ ಸಂಬಂಧ ತೋರಿಸಿದರೆ, ಕೆಲಸದ ಅಪಘಾತವೇ ಎಂದು ಹೊಸ ಸಂಹಿತೆ ಹೇಳಿದೆ. ಇದು ನಮಗೆ ಒಳ್ಳೆಯದು. ಆದರೆ ಕಾಯಿದೆ ಬದಲಾಗುವ ಕಾಲದಲ್ಲಿ ಬಡವರ ಫೈಲು ಎರಡು ಕಾಯಿದೆಗಳ ನಡುವಿನ ಸಂದಿಯಲ್ಲಿ ಬೀಳುತ್ತದೆ. "ಹಳೆಯದು ಹೋಯಿತು, ಹೊಸದರ ಫಾರಂ ಬಂದಿಲ್ಲ, ಆಮೇಲೆ ಬಾ" ಎಂದು ಹೇಳಿ ಕಳಿಸುವುದು ಸುಲಭ. ಆ ತಾರೀಖಿಗೆ ಮೊದಲು ಆದ ಅಪಘಾತಕ್ಕೆ ಹಳೆ ಕಾಯಿದೆಯಲ್ಲಿ ಹುಟ್ಟಿದ ಹಕ್ಕು ಸತ್ತಿಲ್ಲ ಎಂದು ಎದುರು ನಿಂತು ಹೇಳುವವರು ಬೇಕು. ಎರಡೂ ಕಾಯಿದೆಗಳನ್ನು ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಗಿಂತ ಇದಕ್ಕೆ ತಕ್ಕವರು ಯಾರು?

ಅರ್ಜಿ ಎಲ್ಲಿ ಸಾಯುತ್ತದೆ

ನಮ್ಮ ಅರ್ಜಿಗಳು ಕೋರ್ಟಿನಲ್ಲಿ ಸೋಲುವುದಕ್ಕಿಂತ ಹೆಚ್ಚಾಗಿ ದಾರಿಯಲ್ಲೇ ಸಾಯುತ್ತವೆ. ಸಾಯುವ ಜಾಗಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಅಪಘಾತದ ದಿನ. ಕೆಲಸದ ಹೊತ್ತಿನಲ್ಲಿ ಇಳಿಜಾರಿನಲ್ಲಿ ಜಾರಿ ಬಿದ್ದವನನ್ನು "ಸ್ವಂತ ಕೆಲಸಕ್ಕೆ ಹೋಗಿದ್ದ" ಎಂದು ಬರೆದರೆ ಪರಿಹಾರ ಅಲ್ಲೇ ಮುಗಿಯಿತು. ಯಾರು ಪಕ್ಕದಲ್ಲಿದ್ದರು, ಎಷ್ಟು ಗಂಟೆಗೆ, ಯಾವ ಫೀಲ್ಡಿನಲ್ಲಿ, ಚೆಕ್‌ರೋಲಿನಲ್ಲಿ ಆ ದಿನ ಹೆಸರು ಇದೆಯೇ, ತೋಟದ ಆಸ್ಪತ್ರೆಯ ಚೀಟಿಯಲ್ಲಿ ಏನು ಬರೆದಿದ್ದಾರೆ, ಇದನ್ನೆಲ್ಲ ಒಂದು ವಾರದೊಳಗೆ ಬರೆದಿಡಬೇಕು. ಎರಡು ವರ್ಷದ ನಂತರ ಸಾಕ್ಷಿಯ ನೆನಪೂ ಇರುವುದಿಲ್ಲ, ಸಾಕ್ಷಿಯೇ ತಿರುಪ್ಪೂರಿಗೆ ಬನಿಯನ್ ಕಂಪೆನಿಗೆ ಹೋಗಿಬಿಟ್ಟಿರುತ್ತಾನೆ. ಇದಕ್ಕೆ ವಕೀಲರ ಸನ್ನದು ಬೇಡ. ನೋಟುಪುಸ್ತಕ, ಪೆನ್ನು, ಕೇಳುವ ತಾಳ್ಮೆ ಸಾಕು.

ಎರಡನೆಯದು, ಕೈಗೆ ಕೊಡುವ ಹಣ. ಸಾವಿನ ಮನೆಗೆ ಬಂದು ಸ್ವಲ್ಪ ಹಣ ಇಟ್ಟು, "ಎಲ್ಲ ಪರಿಹಾರ ಮುಟ್ಟಿತು" ಎಂಬ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಿಕೊಳ್ಳುವ ಪದ್ಧತಿ ಹಳೆಯದು. 1923ರ ಕಾಯಿದೆ ಇದನ್ನು ಮೊದಲೇ ಕಂಡಿತ್ತು. ಸಾವಿನ ಪರಿಹಾರವನ್ನು ಕಮಿಷನರರ ಬಳಿ ಠೇವಣಿ ಇಡಬೇಕು, ನೇರವಾಗಿ ಮನೆಯವರ ಕೈಗೆ ಕೊಟ್ಟದ್ದು ಪರಿಹಾರ ಕೊಟ್ಟಂತಲ್ಲ ಎಂದು ಅದು ಹೇಳಿತ್ತು. ಮೂರು ತಿಂಗಳ ಕೂಲಿಯಷ್ಟು ಮುಂಗಡ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಹಕ್ಕು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಒಪ್ಪಂದಕ್ಕೆ ಬೆಲೆಯೇ ಇರಲಿಲ್ಲ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟು ಮನೆಗಳು "ಸಹಿ ಹಾಕಿಬಿಟ್ಟೆವು, ಇನ್ನೇನು ಮಾಡುವುದು" ಎಂದು ಸುಮ್ಮನಾಗಿವೆ!

ಮೂರನೆಯದು, ಹೆಸರು. ಇದು ಕನ್ನಡ ಮನೆಗಳಿಗೆ ದೊಡ್ಡ ಕಾಟ. ಮನೆಯಲ್ಲಿ ಕರೆಯುವ ಹೆಸರು ಒಂದು, ರೇಷನ್ ಕಾರ್ಡಿನಲ್ಲಿ ತಮಿಳಿನಲ್ಲಿ ಬರೆದದ್ದು ಇನ್ನೊಂದು, ಆಧಾರಿನಲ್ಲಿ ಮತ್ತೊಂದು, ಪಿ.ಎಫ್. ದಾಖಲೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮಗದೊಂದು. ದೀಕ್ಷಾಸ್ನಾನದ ಹೆಸರು ಬೇರೆ ಇದ್ದರೆ ಕೇಳುವುದೇ ಬೇಡ. ಸತ್ತವನು ಒಬ್ಬನೇ ಆದರೂ ಕಾಗದದಲ್ಲಿ ನಾಲ್ಕು ಜನ ಆಗಿರುತ್ತಾನೆ. ಇದನ್ನು ಸರಿಮಾಡಲು ಅಫಿಡವಿಟ್, ತಹಸೀಲ್ದಾರರ ವಾರಸುದಾರ ಸರ್ಟಿಫಿಕೇಟು, ತೋಟದ ಆಫೀಸಿನ ಪತ್ರ ಬೇಕು. ಇದು ಬುದ್ಧಿಗಿಂತ ಹೆಚ್ಚಾಗಿ ಓಡಾಟ ಬೇಡುವ ಕೆಲಸ. ವಿದ್ಯಾರ್ಥಿಯ ಕಾಲಿಗೆ ಶಕ್ತಿಯಿದೆ.

ನಾಲ್ಕನೆಯದು, ಶೇಕಡಾವಾರು. ಕೈಯೋ ಕಾಲೋ ಹೋದಾಗ ವೈದ್ಯರು ಬರೆಯುವ ಅಂಕಿಯ ಮೇಲೆ ಎಲ್ಲ ನಿಂತಿದೆ. ಹೆಬ್ಬೆರಳು ಪೂರ್ತಿ ಹೋದರೆ ಹಳೆ ಕಾಯಿದೆಯ ಪಟ್ಟಿಯಲ್ಲಿ 30 ಶೇಕಡಾ. ಆದರೆ ಸೊಪ್ಪು ಕೀಳುವವಳಿಗೆ ಹೆಬ್ಬೆರಳಿಲ್ಲದಿದ್ದರೆ ಉಳಿದದ್ದೇನು? 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಒಬ್ಬ ಬಡಗಿಯ ಮೊಕದ್ದಮೆ ಬಂದಿತ್ತು. ಎಡಗೈಯನ್ನು ಮೊಣಕೈ ಮೇಲೆ ಕತ್ತರಿಸಿದ್ದರು. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಅವನ ದುಡಿಮೆಯ ಶಕ್ತಿ ಪೂರ್ತಿ ಹೋಯಿತು ಎಂದು ಕಮಿಷನರು ಹೇಳಿದ್ದನ್ನು ಕೋರ್ಟು ಎತ್ತಿಹಿಡಿಯಿತು. ಪರಿಹಾರ ಸಲ್ಲಬೇಕಾದದ್ದು ಅಪಘಾತದ ದಿನದಿಂದಲೇ ಎಂದೂ ಹೇಳಿತು. ಆ ತೀರ್ಪು ಲಾ ಕಾಲೇಜಿನ ಪುಸ್ತಕದಲ್ಲಿದೆ. ನಮ್ಮ ಲೈನಿಗೆ ಇನ್ನೂ ಬಂದಿಲ್ಲ. ಯಾವ ಕೆಲಸ ಮಾಡುತ್ತಿದ್ದಳು, ಈಗ ಯಾವುದು ಆಗುವುದಿಲ್ಲ ಎಂದು ಎರಡು ಪುಟ ಬರೆದು ವೈದ್ಯರ ಚೀಟಿಯ ಜೊತೆ ಇಡುವವರು ಬೇಕು.

ಐದನೆಯದು, ದೂರ. ಅನ್ಯಾಯದ ನ್ಯಾಯಾಧಿಪತಿಯನ್ನು ಬಿಡದೆ ಕಾಡಿದ ವಿಧವೆಯ ಸಾಮ್ಯ ನಮಗೆಲ್ಲ ಗೊತ್ತು. ಆಕೆಗೆ ಒಂದು ಅನುಕೂಲವಿತ್ತು; ಆ ನ್ಯಾಯಾಧಿಪತಿ ಅದೇ ಊರಿನವನು. ನಮ್ಮ ವಿಧವೆ ವಾಲ್ಪಾರೈಯಿಂದ 40 ಹೇರ್‌ಪಿನ್ ತಿರುವು ಇಳಿದು, ಪೊಳ್ಳಾಚಿಯಲ್ಲಿ ಬಸ್ಸು ಬದಲಿಸಿ, ನೂರು ಕಿಲೋಮೀಟರಿಗೂ ಹೆಚ್ಚು ದೂರದ ಕೊಯಮತ್ತೂರಿಗೆ ಹೋಗಬೇಕು. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಹಣ ಹೋಯಿತು. ಅಲ್ಲಿ "ಸಾಹೇಬರು ಕ್ಯಾಂಪಿಗೆ ಹೋಗಿದ್ದಾರೆ, ಮುಂದಿನ ವಾರ ಬನ್ನಿ" ಎನ್ನುತ್ತಾರೆ. ಮೂರು ಸಲ ಹೀಗಾದರೆ ಎಂಥ ಗಟ್ಟಿಗಿತ್ತಿಯೂ ಕೈಬಿಡುತ್ತಾಳೆ. ಕೊಯಮತ್ತೂರಿನಲ್ಲೇ ಇರುವ ವಿದ್ಯಾರ್ಥಿ ಆ ಮೂರು ಸಲ ತಾನೇ ಹೋಗಿ ಕೇಳಿ, ನಿಜವಾಗಿ ಬರಬೇಕಾದ ದಿನ ಮಾತ್ರ ಆಕೆಯನ್ನು ಕರೆಸಬಹುದು.

ತಿರುಪ್ಪೂರಿಗೆ ಹೋದ ಮಕ್ಕಳು

ನಮ್ಮ ಮಕ್ಕಳು ಈಗ ಎಲ್ಲರೂ ತೋಟದಲ್ಲಿ ಉಳಿದಿಲ್ಲ. ಕೂಲಿ ಸಾಲದೆ ಎಷ್ಟೋ ಮಂದಿ ತಿರುಪ್ಪೂರಿನ ಬನಿಯನ್ ಕಂಪೆನಿಗಳಿಗೆ, ಕೊಯಮತ್ತೂರಿನ ಮಿಲ್ಲು, ಫೌಂಡ್ರಿಗಳಿಗೆ ಇಳಿದಿದ್ದಾರೆ. ಅಲ್ಲಿ ಇ.ಎಸ್.ಐ. ಇದೆ. ಕೆಲಸದ ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಸರಾಸರಿ ಕೂಲಿಯ 90 ಶೇಕಡಾ ತಿಂಗಳು ತಿಂಗಳು ಬರಬೇಕು. ಅದರಲ್ಲಿ ಹೆಂಡತಿಗೂ ಮಕ್ಕಳಿಗೂ ಪಾಲುಂಟು. ಅಂಗ ಊನವಾದರೆ ಮೆಡಿಕಲ್ ಬೋರ್ಡು ಹೇಳಿದ ಪ್ರಮಾಣದಲ್ಲಿ ಜೀವನಪೂರ್ತಿ ಹಣ. ಆದರೆ ಮಗ ಕಾಂಟ್ರಾಕ್ಟಿನ ಕೆಳಗೆ ಇದ್ದ, ಕಾರ್ಡು ಮಾಡಿಸಿರಲಿಲ್ಲ ಎಂದರೆ ತೋಟದಲ್ಲಿರುವ ತಂದೆತಾಯಿಗೆ ದಿಕ್ಕೇ ತೋಚುವುದಿಲ್ಲ. ಮಾಲೀಕ ವಂತಿಗೆ ಕಟ್ಟದಿದ್ದರೆ ಇ.ಎಸ್.ಐ. ನಿಗಮವೇ ಸೌಲಭ್ಯ ಕೊಟ್ಟು ಅವನಿಂದ ವಸೂಲು ಮಾಡಬಹುದೆಂದು 1948ರ ಕಾಯಿದೆಯಲ್ಲೇ ಇತ್ತು. ಇದನ್ನು ಹಿಡಿದು ಕೇಳುವವರಿಲ್ಲದಿದ್ದರೆ ಪುಸ್ತಕದಲ್ಲಿದ್ದು ಏನು ಪ್ರಯೋಜನ?

ಗಂಡ ಸತ್ತ ಮೇಲೆ ಕರ್ನಾಟಕದ ತವರಿಗೆ ಹೋದವರಿಗೂ ಒಂದು ಮಾತು. 1995ರಲ್ಲಿ ಮಾಡಿದ ತಿದ್ದುಪಡಿಯಿಂದ ಸಾವಿನ ಪರಿಹಾರದ ಅರ್ಜಿಯನ್ನು ಅಪಘಾತವಾದ ಜಾಗದಲ್ಲೇ ಹಾಕಬೇಕೆಂಬ ಕಟ್ಟು ಹೋಯಿತು. ತಾವು ವಾಸಿಸುವ ಕಡೆಯ ಅಧಿಕಾರಿಯ ಮುಂದೆಯೂ ಹಾಕಬಹುದು. ಆದ್ದರಿಂದ ಮೈಸೂರು, ಬೆಂಗಳೂರಿನ ಕಾನೂನು ವಿದ್ಯಾರ್ಥಿಗಳಿಗೂ ಇದರಲ್ಲಿ ಕೆಲಸವಿದೆ. ಅವರು ಇಲ್ಲಿಗೂ ಬರಲಿ. 1956ರ ತನಕ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. ಈ ಜಿಲ್ಲೆಯ ಕಚೇರಿಗಳಿಗೆ ಕನ್ನಡದ ಮಾತು ಹೊಸದೇನೂ ಅಲ್ಲ.

ಎದುರು ಮಾತುಗಳಿಗೆ ಉತ್ತರ

ವಕೀಲರು ಹೇಳುತ್ತಾರೆ: "ಅರ್ಧ ಓದಿದವರ ಕೈಗೆ ಬಡವರ ಹಣೆಬರಹ ಕೊಡುವುದೇ?" ಆ ಹಣೆಬರಹ ಈಗ ಯಾರ ಕೈಯಲ್ಲಿದೆ? ಏನೂ ಓದದ ದಲ್ಲಾಳಿಯ ಕೈಯಲ್ಲಿ. 1923ರ ಕಾಯಿದೆಯ 24ನೆಯ ಕಲಮು ಕಮಿಷನರರ ಮುಂದೆ ವಕೀಲರಷ್ಟೇ ಅಲ್ಲದೆ ನೋಂದಾಯಿತ ಯೂನಿಯನ್ನಿನ ಪದಾಧಿಕಾರಿಗೂ, ಕಮಿಷನರರ ಅನುಮತಿ ಪಡೆದ ಬೇರೆ ಯಾರಿಗೂ ಹಾಜರಾಗಲು ಅವಕಾಶ ಕೊಟ್ಟಿತ್ತು. ಹೊಸ ಸಂಹಿತೆಯೂ ಆ ಬಾಗಿಲನ್ನು ಮುಚ್ಚಿಲ್ಲ. ಬಡವನಿಗೆ ವಕೀಲರು ಸಿಗದ ದಿನ ಬರುತ್ತದೆಂದು ಕಾಯಿದೆ ಮಾಡಿದವರಿಗೇ ಗೊತ್ತಿತ್ತು. ಅಮೆರಿಕದಲ್ಲೂ ಸರ್ಕಾರದ ಅಂಗವಿಕಲ ಭತ್ಯದ ವಿಚಾರಣೆಗಳಲ್ಲಿ ವಕೀಲರಲ್ಲದವರು ಅರ್ಜಿದಾರರ ಪರ ನಿಲ್ಲಬಹುದು. ಅಲ್ಲಿನ ಲಾ ಕಾಲೇಜಿನ ಕ್ಲಿನಿಕ್ಕುಗಳಲ್ಲಿ ವಿದ್ಯಾರ್ಥಿಗಳು ಗುರುಗಳ ಕಣ್ಣಿನ ಕೆಳಗೆ ಇದನ್ನು ಮಾಡುತ್ತಾರೆ. ನಾವು ಕೇಳುವುದೂ ಅಷ್ಟೇ. ವಿದ್ಯಾರ್ಥಿ ಫೈಲು ಕಟ್ಟಲಿ, ವಕೀಲರು ಅದನ್ನು ನೋಡಿ ಸಹಿ ಮಾಡಲಿ.

ಯೂನಿಯನ್ನಿನ ಕೆಲವರು ಹೇಳುತ್ತಾರೆ: "ಇದು ನಮ್ಮ ಕೆಲಸ, ಹುಡುಗರು ಯಾಕೆ?" ನಿಮ್ಮ ಕೆಲಸವೇ, ಅಣ್ಣಂದಿರೇ. ಆದರೆ ಕೂಲಿ ಒಪ್ಪಂದ, ಬೋನಸ್, ಮುಷ್ಕರ ಇವುಗಳ ನಡುವೆ ಒಂದು ಸಾವಿನ ಫೈಲು ಎಷ್ಟು ತಿಂಗಳು ಕಪಾಟಿನಲ್ಲಿ ಮಲಗುತ್ತದೆ ಎಂದು ನೀವೇ ಹೇಳಿ. ವಿದ್ಯಾರ್ಥಿ ಯೂನಿಯನ್ನಿನ ಕಚೇರಿಯಲ್ಲೇ ಕುಳಿತು ಮಾಡಲಿ. ಹೆಸರು ನಿಮಗೇ ಬರಲಿ, ಹಣ ವಿಧವೆಗೆ ಬರಲಿ.

ಮ್ಯಾನೇಜ್‌ಮೆಂಟಿನವರು ಹೇಳುತ್ತಾರೆ: "ಹೊರಗಿನವರು ಬಂದು ಜನರನ್ನು ಕೆರಳಿಸುತ್ತಾರೆ." ಲೆಕ್ಕ ಸರಿಯಾಗಿದ್ದರೆ ಲೆಕ್ಕ ಕೇಳುವವನಿಂದ ಭಯವೇಕೆ? ತಡವಾದ ಪರಿಹಾರಕ್ಕೆ ಹಳೆ ಕಾಯಿದೆಯಲ್ಲಿ ವರ್ಷಕ್ಕೆ 12 ಶೇಕಡಾ ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ 50 ಶೇಕಡಾ ತನಕ ದಂಡ ಇತ್ತು. ಬೇಗ ಮುಗಿದರೆ ಅವರಿಗೂ ಉಳಿತಾಯವೇ.

ಇನ್ನೊಂದು ಆಕ್ಷೇಪಣೆ ನಮ್ಮವರದೇ, ಅದು ನ್ಯಾಯವಾದದ್ದು: "ಸರ್ಕಾರ ಮಾಡಬೇಕಾದ ಕೆಲಸವನ್ನು ಸಂಬಳವಿಲ್ಲದ ಹುಡುಗರಿಂದ ಮಾಡಿಸಿದರೆ ಸರ್ಕಾರ ಇನ್ನಷ್ಟು ನಿದ್ದೆ ಹೋಗುವುದಿಲ್ಲವೇ?" ಹೋಗುವ ಅಪಾಯ ಇದೆ. ಕಾರ್ಮಿಕ ಇಲಾಖೆಯ ಅಧಿಕಾರಿ ತಿಂಗಳಿಗೊಮ್ಮೆ ವಾಲ್ಪಾರೈಗೇ ಬಂದು ವಿಚಾರಣೆ ನಡೆಸಬೇಕೆಂಬ ಬೇಡಿಕೆಯನ್ನು ನಾವು ಬಿಡಬಾರದು. ಆದರೆ ಆ ಬೇಡಿಕೆಗೆ ಬಲ ಬರುವುದು ಎಷ್ಟು ಫೈಲು ಬಾಕಿ, ಎಷ್ಟು ತಿಂಗಳಿಂದ ಬಾಕಿ ಎಂಬ ಪಟ್ಟಿ ಕೈಯಲ್ಲಿದ್ದಾಗ. ಆ ಪಟ್ಟಿಯನ್ನು ಬರೆಯುವವನೂ ಈ ವಿದ್ಯಾರ್ಥಿಯೇ.

ನಮ್ಮ ಷರತ್ತುಗಳು

ಬರುವವರು ಹೇಗಾದರೂ ಬರಲಿ ಎಂದು ನಾವು ಹೇಳುವುದಿಲ್ಲ. ನಾವು ಅಭ್ಯಾಸ ಮಾಡುವ ಸ್ಲೇಟು ಅಲ್ಲ.

ಒಂದು: ಪ್ರತಿ ಫೈಲಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಒಬ್ಬ ವಕೀಲರು ಹೊಣೆ ಇರಬೇಕು. 1987ರ ಕಾನೂನು ಸೇವಾ ಕಾಯಿದೆಯ ಪ್ರಕಾರ ಹೆಂಗಸರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ, ಅಂಗವಿಕಲರಿಗೂ, ಕೈಗಾರಿಕಾ ಕಾರ್ಮಿಕರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು.

ಎರಡು: ವಿದ್ಯಾರ್ಥಿಗೆ ನಾಲ್ಕು ವಾರ, ವಿಧವೆಗೆ ಎರಡು ವರ್ಷ. ಈ ಹೊಂದಾಣಿಕೆಯಿಲ್ಲದ ಜೋಡಿಗೆ ಒಂದೇ ಮದ್ದು, ಸರದಿ. ಒಬ್ಬ ಹೋಗುವ ಮೊದಲು ಮುಂದಿನವನ ಎದುರು ಕುಳಿತು ಫೈಲು ಒಪ್ಪಿಸಬೇಕು. ಫೈಲು ಯೂನಿಯನ್ ಕಚೇರಿಯಲ್ಲೋ ಕ್ಲಿನಿಕ್ಕಿನಲ್ಲೋ ಉಳಿಯಬೇಕು, ಹಾಸ್ಟೆಲಿಗೆ ಹೋಗಬಾರದು. ಮೂಲ ಕಾಗದ ಎಂದಿಗೂ ಮನೆಯವರ ಪೆಟ್ಟಿಗೆಯಲ್ಲೇ ಇರಬೇಕು.

ಮೂರು: ಒಂದು ಪೈಸೆ ತೆಗೆದುಕೊಳ್ಳುವಂತಿಲ್ಲ. ಬಸ್ಸಿನ ಖರ್ಚು, ಊಟದ ಖರ್ಚನ್ನು ಕಾಲೇಜೋ ಪ್ರಾಧಿಕಾರವೋ ಕೊಡಬೇಕು. ಇಲ್ಲದಿದ್ದರೆ ಹಣವಿದ್ದವರ ಮಕ್ಕಳು ಮಾತ್ರ ಬರುತ್ತಾರೆ. ನಮ್ಮ ತೋಟದಿಂದಲೇ ಲಾ ಓದಲು ಹೋದ ಮಗಳಿಗೆ ಬರಲಾಗುವುದಿಲ್ಲ.

ನಾಲ್ಕು: ಸಾವಿನ ಮನೆಯ ಫೋಟೋ ಬೇಡ. ಕಣ್ಣೀರನ್ನು ವರದಿಯಲ್ಲಿ ಅಚ್ಚು ಮಾಡಬೇಡಿ.

ಐದು: ವಿದ್ಯಾರ್ಥಿಯ ಜೊತೆ ತೋಟದ ಒಬ್ಬ ಹುಡುಗ ಅಥವಾ ಹುಡುಗಿ ಇರಬೇಕು. ಭಾಷೆ ಇವರಿಂದ, ಕಾಯಿದೆ ಅವರಿಂದ. ನಾಲ್ಕು ವರ್ಷ ಹೀಗೆ ನಡೆದರೆ ನಮ್ಮಲ್ಲೇ ಫೈಲು ಕಟ್ಟಬಲ್ಲವರು ಹುಟ್ಟುತ್ತಾರೆ.

ಆರು: ಸರ್ಟಿಫಿಕೇಟು ಹಾಜರಿಗೆ ಕೊಡಬೇಡಿ. ಎಷ್ಟು ಫೈಲು ಎಷ್ಟು ಮೆಟ್ಟಿಲು ಮುಂದೆ ಹೋಯಿತು ಎಂದು ನೋಡಿ ಕೊಡಿ.

ಇದೆಲ್ಲ ನಮ್ಮ ಕನಸಿನ ಮಾತೆಂದು ಯಾರೂ ನಗಬೇಕಾಗಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಸಮಿತಿ 1973ರಲ್ಲೂ, ನ್ಯಾಯಮೂರ್ತಿ ಭಗವತಿಯವರೂ ಅವರೂ ಸೇರಿ 1977ರಲ್ಲೂ ಕೊಟ್ಟ ವರದಿಗಳಲ್ಲಿ ಕಾನೂನು ವಿದ್ಯಾರ್ಥಿಗಳನ್ನು ಬಡವರ ನೆರವಿಗೆ ಹಚ್ಚುವ ಮಾತು ಇತ್ತು. ಅದೇ ಕಾಲದಲ್ಲಿ ಸಂವಿಧಾನಕ್ಕೆ 39-ಎ ವಿಧಿ ಸೇರಿತು. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂದು ಅದು ಸರ್ಕಾರಕ್ಕೆ ಹೇಳುತ್ತದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲನ್ನು ಕಟ್ಟಿದ ಮಾಧವ ಮೆನನ್ ಅವರು ಇಂಥ ಕ್ಲಿನಿಕ್ಕುಗಳ ಮಾತನ್ನು ಜೀವನವೆಲ್ಲ ಹೇಳಿ 2019ರಲ್ಲಿ ತೀರಿಕೊಂಡರು. ಐವತ್ತು ವರ್ಷದಿಂದ ಎಲ್ಲರೂ ಒಪ್ಪಿರುವ ಮಾತು ಬೆಟ್ಟ ಹತ್ತಲು ಇನ್ನೆಷ್ಟು ವರ್ಷ ಬೇಕು?

ನಮ್ಮ ಪಾಲಿನ ಕೆಲಸ

ಬರುವವರಿಗಾಗಿ ಕಾಯುತ್ತಾ ಕೈಕಟ್ಟಿ ಕುಳಿತರೆ ಆಗದು. ಈ ತಿಂಗಳೇ ಪ್ರತಿ ಮನೆಯವರು ಪಿ.ಎಫ್. ನಾಮಿನೇಷನ್ ಯಾರ ಹೆಸರಿನಲ್ಲಿದೆ ನೋಡಿ. ಮದುವೆಗೆ ಮೊದಲು ತಾಯಿಯ ಹೆಸರು ಬರೆದು ಹಾಗೇ ಬಿಟ್ಟವರು ಹಲವರಿದ್ದಾರೆ, ತಿದ್ದಿಸಿ. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್, ಪಿ.ಎಫ್. ಈ ನಾಲ್ಕರಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿ. ಬದುಕಿರುವವನು ಒಂದು ದಿನದಲ್ಲಿ ತಿದ್ದಿಸಬಹುದಾದ ಹೆಸರನ್ನು ಸತ್ತ ಮೇಲೆ ಹೆಂಡತಿ ಒಂದು ವರ್ಷ ಅಲೆದು ತಿದ್ದಿಸಬೇಕು. ಕೂಲಿ ಚೀಟಿಗಳನ್ನು ಎಸೆಯಬೇಡಿ. ಅಪಘಾತವಾದ ದಿನವೇ ಸಾಕ್ಷಿಗಳ ಹೆಸರು ಬರೆದಿಡಿ. ಖಾಲಿ ಕಾಗದಕ್ಕೆ, ಓದಿ ಹೇಳದ ಕಾಗದಕ್ಕೆ ಯಾರು ಕೇಳಿದರೂ ಸಹಿ ಹಾಕಬೇಡಿ. ಲೈನ್ ಮನೆಯ ಗೋಡೆ ಬಿರುಕು ಬಿಟ್ಟಿದ್ದರೆ ರಿಪೇರಿ ಕೇಳಿದ ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಮನೆ ಕುಸಿದು ಸತ್ತರೆ ಪರಿಹಾರ ಕೊಡಬೇಕೆಂಬ ಮಾತು 1981ರಲ್ಲೇ ಪ್ಲಾಂಟೇಷನ್ ಕಾಯಿದೆಗೆ ಸೇರಿತ್ತು. ಹೊಸ ಸಂಹಿತೆಯಲ್ಲೂ ಅದು ಇದೆ. ಆದರೆ "ಅದು ಪ್ರಕೃತಿ ವಿಕೋಪ, ನಮ್ಮ ತಪ್ಪಲ್ಲ" ಎಂದು ಎದುರಿನವರು ಹೇಳುವ ದಿನ ಆ ಪ್ರತಿಯೇ ನಿಮ್ಮ ಸಾಕ್ಷಿ.

ಅರ್ಜಿಗೆ ಕಾಯಿದೆ ಕೊಟ್ಟ ಕಾಲ ಎರಡು ವರ್ಷ. ತಕ್ಕ ಕಾರಣ ತೋರಿಸಿದರೆ ತಡವನ್ನು ಮನ್ನಿಸಬಹುದು, ಆದ್ದರಿಂದ ಕಾಲ ಮೀರಿತೆಂದು ದಲ್ಲಾಳಿಯ ಮಾತು ಕೇಳಿ ಕೈಬಿಡಬೇಡಿ. ಆದರೆ ಕಾಲ ಇದೆಯೆಂದು ಮಲಗಲೂ ಬೇಡಿ.

ಲಾ ಕಾಲೇಜಿನ ಪ್ರಿನ್ಸಿಪಾಲರಿಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯವರಿಗೆ ನಮ್ಮ ವಿನಂತಿ ಇಷ್ಟು: ಮುಂದಿನ ಶಿಬಿರಕ್ಕೆ ಬ್ಯಾನರ್ ತರಬೇಡಿ. ಎಂಟು ವಿದ್ಯಾರ್ಥಿಗಳನ್ನೂ ಒಬ್ಬ ವಕೀಲರನ್ನೂ ಒಂದು ಕಟ್ಟು ಫಾರಂಗಳನ್ನೂ ತನ್ನಿ. ಕೂರಲು ನಮ್ಮ ಸಭಾಮಂದಿರದ ಬೆಂಚುಗಳಿವೆ. ಕುಡಿಯಲು ಚಹಾಕ್ಕೆ ಇಲ್ಲಿ ಬರವಿಲ್ಲ. ಫೈಲು ನಾವು ತರುತ್ತೇವೆ.